ಹೊತ್ತು ಮುಳುಗುವ ಮೊದಲು



ಇಂದಿನ ಸಾಮಾಜಿಕ ಪ್ರಶ್ನೆಗಳಿಗೆ ಕ್ರೈಸ್ತ ನಂಬಿಕೆ ಏನು ಹೇಳುತ್ತದೆ ಎಂಬ ದೊಡ್ಡ ವಿಷಯ ಕೊಟ್ಟಿದ್ದೀರಿ. ಅಷ್ಟನ್ನೂ ಹೊರುವ ಶಕ್ತಿ ನನಗಿಲ್ಲ. ಕೂಲಿಯ ವಿಚಾರ ಒಂದನ್ನೇ ಹೇಳಿ ಕೂರುತ್ತೇನೆ. ಕುವೈತಿಗೆ ನಾವೆಲ್ಲ ಬಂದದ್ದು ಅದಕ್ಕೇ ತಾನೆ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ದಿನಗೂಲಿಯವನ ಬಗ್ಗೆ ಒಂದು ಆಜ್ಞೆ ಇದೆ. ಅವನು ಸ್ವಂತ ಜನವಾಗಿರಲಿ, ಪರದೇಶಿಯಾಗಿರಲಿ, ಅಂದಿನ ಕೂಲಿ ಹೊತ್ತು ಮುಳುಗುವ ಮೊದಲೇ ಅವನ ಕೈ ಸೇರಬೇಕು. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಇನ್ನೂ ಖಾರವಾಗಿದೆ. ಹಿಡಿದಿಟ್ಟ ಕೂಲಿಯೇ ಅಲ್ಲಿ ಕೂಗುತ್ತದೆ.

ನಮ್ಮಲ್ಲಿ ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯವರು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದ ಎಷ್ಟೋ ಜನಕ್ಕೆ ಜಾತಿಯ ಜೊತೆ ಕಸುಬೂ ತಪ್ಪಿಹೋಯಿತು. ಬರೀ ಪ್ರಾರ್ಥನೆಯಿಂದ ಹೊಟ್ಟೆ ತುಂಬದು ಎಂದು ಮಿಶನರಿಗಳಿಗೂ ಅರ್ಥವಾಗಿ ಮಗ್ಗಗಳು ಬಂದವು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಹೆಮ್ಮೆಪಡುವ ಚರಿತ್ರೆಯೇ. ಆದರೆ ಧಣಿಯೂ ಮಿಶನ್, ಸಭೆಯೂ ಮಿಶನ್ ಆದಾಗ ಕೆಲಸಗಾರ ದೂರು ಹೇಳಲು ಯಾರ ಬಳಿ ಹೋಗಬೇಕು?

ಈ ಪ್ರಶ್ನೆ ಒಮ್ಮೆ ನನ್ನ ಮನೆಯೊಳಗೇ ಎದ್ದಿತ್ತು. ಮಕ್ಕಳು ಚಿಕ್ಕವರಿದ್ದಾಗ ಆಂಧ್ರದ ಒಬ್ಬ ಅಕ್ಕ ನಮ್ಮಲ್ಲಿ ಮನೆಗೆಲಸಕ್ಕಿದ್ದರು. ಆಗ ನನ್ನ ಕಂಪನಿ ಮೂರು ತಿಂಗಳು ಸಂಬಳ ಕೊಡಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಕಣ್ಣೀರಿಟ್ಟು ಹೇಳಿಕೊಂಡೆ, ನೀವೆಲ್ಲ ನನಗಾಗಿ ಬೇಡಿಕೊಂಡಿರಿ. ಅದೇ ಮೂರು ತಿಂಗಳು ಆ ಅಕ್ಕನ ಸಂಬಳವನ್ನು ನಾನೂ ಕೊಟ್ಟಿರಲಿಲ್ಲ. ಅವರೂ ಕ್ರೈಸ್ತರೇ. ಶುಕ್ರವಾರ ನಾವು ಆರಾಧನೆಗೆ ಹೊರಟರೆ ಅವರು ಮನೆಯಲ್ಲಿ ಮೀನು ಹೆಚ್ಚುತ್ತಿದ್ದರು.

ಊರಲ್ಲಿ ಮಗಳ ಫೀಸು ಕಟ್ಟಲಾಗದೆ ಅವರು ಅಡಿಗೆಮನೆಯಲ್ಲಿ ಅಳುತ್ತಿದ್ದುದನ್ನು ನನ್ನ ಹೆಂಡತಿ ನೋಡಿದಳು. "ನಿಮ್ಮ ಕಂಪನಿಯವರನ್ನು ಬೈತೀರಲ್ಲ, ನಾವು ಮಾಡ್ತಾ ಇರೋದೇನು?" ಎಂದು ಕೇಳಿದಳು. ಸ್ನೇಹಿತರಿಂದ ಸಾಲ ತಂದು ಬಾಕಿ ತೀರಿಸಿದೆ. ಬೀರುವಿನಲ್ಲಿ 'ಜೋಪಾನವಾಗಿ' ಇಟ್ಟಿದ್ದ ಅವರ ಪಾಸ್‌ಪೋರ್ಟನ್ನೂ ಕೈಗಿಟ್ಟೆ. ಅವರು ಹೆದರಿಬಿಟ್ಟರು. "ನನ್ನನ್ನು ಊರಿಗೆ ಕಳಿಸಿಬಿಡ್ತೀರಾ, ಸರ್?" ಎಂದರು. ತನ್ನದೇ ಪಾಸ್‌ಪೋರ್ಟ್ ಕೈಗೆ ಬಂದರೆ ಕೆಲಸ ಹೋಯಿತು ಎಂದುಕೊಳ್ಳುವಷ್ಟು ಭಯ ಅವರಿಗೆ ನನ್ನ ಮನೆಯಲ್ಲಿತ್ತು. ಆ ಪ್ರಶ್ನೆಯನ್ನು ನನಗೆ ಇಂದಿಗೂ ಮರೆಯಲಾಗಿಲ್ಲ.

ಮನೆಗೆಲಸದವರಿಗಾಗಿ ಈ ದೇಶದಲ್ಲಿ 2015ರಲ್ಲೇ ಕಾನೂನು ಬಂದಿದೆ. ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಅವರ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ನಾನು ಒಪ್ಪಿಗೆ ಕೇಳಿಯೇ ಇರಲಿಲ್ಲ. ಎಲ್ಲರೂ ಇಟ್ಟುಕೊಳ್ಳುತ್ತಾರೆ ಎಂದು ನಾನೂ ಇಟ್ಟುಕೊಂಡಿದ್ದೆ.

ಇಲ್ಲಿ ಕುಳಿತವರಲ್ಲಿ ಸಂಬಳ ಬಾರದವರೂ ಇರಬಹುದು, ಸಂಬಳ ಕೊಡಬೇಕಾದವರೂ ಇದ್ದಾರೆ. ಕೆಲವರು ಎರಡೂ ಹೌದು. ನಮ್ಮ ರಾಯಭಾರ ಕಚೇರಿ ಮನೆಗೆಲಸದವರ ದೂರು ತೆಗೆದುಕೊಳ್ಳುತ್ತದೆ. ಆದರೆ ಅರ್ಜಿ ಬರೆಯಲು ಬಾರದ ಹೆಂಗಸು ಒಬ್ಬಳೇ ಅಲ್ಲಿಗೆ ಹೇಗೆ ಹೋದಾಳು? ಜೊತೆಗೆ ಹೋಗಿ ಕೂರುವವರು ಬೇಕು, ತೆಲುಗು, ತಮಿಳು ಬಲ್ಲವರಾದರೆ ಇನ್ನೂ ಒಳ್ಳೆಯದು. ಊಟದ ಹೊತ್ತಿಗೆ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿರುತ್ತೇನೆ. ಮೊದಲ ಸಾಲಿನಲ್ಲಿ ನನ್ನ ಹೆಸರಿದೆ, ಎರಡನೆಯದು ನನ್ನ ಹೆಂಡತಿಯದು.