ಕಾರ್ಬನ್ ಚಕ್ರ, ಥರ್ಮಾಕೋಲ್ ಟೋಪಿ

ಇವತ್ತು ರಾಜಕೀಯ ಇಲ್ಲ. ಯಾರು ಯಾರನ್ನ ಭೇಟಿ ಮಾಡಿದ್ರು, ಯಾರ ಮನೇಲಿ ಡಿನ್ನರ್ ಆಯ್ತು, ಅದೆಲ್ಲ ನಾಳೆಗಿರಲಿ. ಇವತ್ತು ನನ್ನ ಮೇಜಿನ ಮೇಲೆ ಒಂದು ವಸ್ತು ಇದೆ. ಕ್ಯಾಮೆರಾ ಸ್ವಲ್ಪ ಹತ್ತಿರ ಬರಲಿ. ಕಾಣಿಸ್ತಾ? ಸೈಕಲ್ ಹೆಲ್ಮೆಟ್ಟು. ಎಡಗಡೆ, ಕಿವಿಯ ಮೇಲ್ಭಾಗದಲ್ಲಿ ನೋಡಿ, ಮೇಲಿಂದ ಕೆಳಗಿನವರೆಗೆ ಬಿರುಕು. ಒಳಗಡೆ ಥರ್ಮಾಕೋಲ್ ಚಪ್ಪಟೆಯಾಗಿದೆ. ಎರಡು ವಾರದ ಹಿಂದೆ ಇದರೊಳಗೆ ಇದ್ದದ್ದು ನನ್ನ ತಲೆ.

ಕಳೆದ ವಾರ ಒಬ್ಬ ವೀಕ್ಷಕರು ಕೇಳಿದ್ದರು, ಮಣಿಕಟ್ಟಿಗೆ ಪಟ್ಟಿ ಯಾಕೆ ಅಂತ. ಇದೇ ಉತ್ತರ.

ನಾನು ಸೈಕಲ್ ಹುಚ್ಚಿನವನು. ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೆಬ್ಬಾಳದ ಫ್ಲೈಓವರ್ ಹತ್ತಿರ ಹೋಗಿ ನೋಡಿ, ನಮ್ಮಂಥವರ ಹಿಂಡೇ ಸಿಗುತ್ತೆ. ಐಟಿಯವರು, ಡಾಕ್ಟರುಗಳು, ಅಂಗಡಿ ಇಟ್ಟವರು, ರಿಟೈರ್ ಆದವರು. ಯಲಹಂಕ, ದೇವನಹಳ್ಳಿ ದಾಟಿ ನಂದಿ ಬೆಟ್ಟ ಹತ್ತಿ, ಮೇಲೆ ಒಂದು ಕಾಫಿ ಕುಡಿದು, ಇಳಿದು ಮನೆಗೆ. ಹೋಗಿ ಬಂದರೆ 120 ಕಿಲೋಮೀಟರ್ ಹತ್ತಿರ ಆಗುತ್ತೆ. ದಾರಿಯುದ್ದಕ್ಕೂ ನಮ್ಮ ಮಾತು ಏನು ಗೊತ್ತಾ? ದೇಶದ ಚಿಂತೆ ಅಲ್ಲ. 'ಗುರು, ಯಾವ ಗ್ರೂಪ್‌ಸೆಟ್ ಅದು? 105ಆ?' 'ಸ್ಯಾಡಲ್ ಬದಲಾಯಿಸಿದ್ಯಾ?' 'ಕಾರ್ಬನ್ ವೀಲ್ ಯಾವಾಗ?' ನಮ್ಮಲ್ಲಿ ಒಂದು ಸೂತ್ರವೇ ಇದೆ. ಒಬ್ಬ ಮನುಷ್ಯನಿಗೆ ಎಷ್ಟು ಸೈಕಲ್ ಬೇಕು? ಎನ್ ಪ್ಲಸ್ ಒನ್. ಅಂದ್ರೆ ಈಗ ಎಷ್ಟಿವೆಯೋ ಅದಕ್ಕಿಂತ ಒಂದು ಜಾಸ್ತಿ. ಮನೆಯವರ ಸೂತ್ರ ಬೇರೆ ಇದೆ, ಅದು ಬೇಡ.

ಹಾಗೆ ನಾನೂ ಕಾರ್ಬನ್ ಚಕ್ರ ತಗೊಂಡೆ. ಜೋಡಿಗೆ 70 ಸಾವಿರ. ಹಳೇ ಅಲ್ಯೂಮಿನಿಯಂ ಚಕ್ರಕ್ಕಿಂತ 400 ಗ್ರಾಂ ಹಗುರ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ನಾನು. ಲೆಕ್ಕ ಹಾಕೋದು ಬರುತ್ತೆ. ಆದ್ರೆ ಲೆಕ್ಕ ಹಾಕಿದ್ದು ಬಿದ್ದ ಮೇಲೆ, ಐಸ್ ಪ್ಯಾಕ್ ಇಟ್ಕೊಂಡು ಮಲಗಿದ್ದಾಗ. ನಾನು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 88 ಕಿಲೋ. ಅದರಲ್ಲಿ 400 ಗ್ರಾಂ ಅಂದ್ರೆ ಅರ್ಧ ಪರ್ಸೆಂಟೂ ಇಲ್ಲ. ನಲವತ್ತು ನಿಮಿಷದ ಏರಿನಲ್ಲಿ ನನಗೆ ಉಳಿಯೋದು 11 ಸೆಕೆಂಡ್. ಇನ್ನೊಂದು ರೀತಿ ನೋಡೋಣ. ಸುಮಾರು 500 ಮೀಟರ್ ಎತ್ತರಕ್ಕೆ ಆ 400 ಗ್ರಾಂ ಎತ್ತೋಕೆ ನನ್ನ ಮೈ ಸುಡಬೇಕಾದ್ದು ಎರಡು ಕ್ಯಾಲೊರಿ. ಒಂದು ಇಡ್ಲಿಯ ತುದಿ ಮುರಿದು ಚಟ್ನಿಗೆ ಅದ್ದಿದರೆ ಅದಕ್ಕಿಂತ ಜಾಸ್ತಿ ಸಿಗುತ್ತೆ. 70 ಸಾವಿರ ಕೊಟ್ಟು ನಾನು ಉಳಿಸಿದ್ದು ಅಷ್ಟು ಸ್ವಾಮಿ. ಮೂರು ಸಂಜೆ ಬೋಂಡಾ ಬಿಟ್ಟಿದ್ರೂ ಆಗ್ತಿತ್ತು.

ಸರಿ, ದುಡ್ಡು ನನ್ನದು, ಹುಚ್ಚು ನನ್ನದು, ನಿಮಗೇನು? ಇರಿ, ಕಥೆ ಇಲ್ಲೇ ಇರೋದು.

ಚಕ್ರಕ್ಕೆ ಅಷ್ಟು ಸುರಿದ ಮೇಲೆ ಟೈರಿಗೆ ದುಡ್ಡಿರಲಿಲ್ಲ. ಹಳೇ ಟೈರನ್ನೇ ಹೊಸ ಚಕ್ರಕ್ಕೆ ಹಾಕಿಸಿದೆ. ನಡುವೆ ಸವೆದು ಚೌಕ ಆಗಿತ್ತು. ನನ್ನ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಇಲ್ಲ. ರಬ್ಬರ್ ತುಂಡುಗಳು ರಿಮ್ಮನ್ನೇ ಹಿಡಿದು ನಿಲ್ಲಿಸಬೇಕು. ಅಲ್ಯೂಮಿನಿಯಂ ರಿಮ್ ಒದ್ದೆಯಾದ್ರೂ ಹೇಗೋ ಹಿಡಿಯುತ್ತೆ. ಕಾರ್ಬನ್ ರಿಮ್ ಒದ್ದೆಯಾದ್ರೆ? ಮೊದಲ ಒಂದೆರಡು ಸುತ್ತು ಬ್ರೇಕ್ ಒತ್ತಿದ್ದೇ ಗೊತ್ತಾಗಲ್ಲ, ಆಮೇಲೆ ಇದ್ದಕ್ಕಿದ್ದಂತೆ ಕಚ್ಚುತ್ತೆ. ಇದೇನೂ ಗುಟ್ಟಲ್ಲ. ಸೈಕಲ್ ತಿಳಿದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ. ಯಾಕೆ? ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ.

ಆ ಶನಿವಾರ ನಂದಿ ಮೇಲೆ ದಟ್ಟ ಮಂಜು. ರಸ್ತೆ ಒದ್ದೆ. ಇಳಿಯೋವಾಗ ಒಂದು ತಿರುವು, ಪಕ್ಕದಿಂದ ಮರಳು ಹರಿದು ಬಂದಿದೆ. ಬ್ರೇಕ್ ಒತ್ತಿದೆ, ಹಿಡೀಲಿಲ್ಲ. ಜೋರಾಗಿ ಒತ್ತಿದೆ, ಹಿಡೀತು. ಮುಂದಿನ ಚಕ್ರ ಜಾರಿತು. ಆಮೇಲೆ ಒಂದು ಶಬ್ದ. ತೆಂಗಿನಕಾಯಿ ಕಲ್ಲಿಗೆ ಒಡೆದಾಗ ಬರುತ್ತಲ್ಲ, ಅಂಥದ್ದು. ಆ ಶಬ್ದ ನನ್ನ ಕಿವಿಯ ಹೊರಗಿನದಲ್ಲ.

ಈಗ ಈ ಥರ್ಮಾಕೋಲ್ ಏನು ಮಾಡ್ತು, ಅದನ್ನ ಹೇಳಲೇಬೇಕು. ಟಿವಿ ಪ್ಯಾಕ್ ಮಾಡಿ ಕಳಿಸ್ತಾರಲ್ಲ, ಅದೇ ಜಾತಿಯ ವಸ್ತು, ಇನ್ನೂ ಗಟ್ಟಿ, ಅಷ್ಟೆ. ಯುರೋಪಿನ ಮಾನದಂಡದಲ್ಲಿ ಹೆಲ್ಮೆಟ್ಟನ್ನ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷೆ ಮಾಡ್ತಾರೆ. ಸೈಕಲ್ ಮೇಲೆ ಕೂತವನ ತಲೆ ಹೆಚ್ಚುಕಡಿಮೆ ಆ ಎತ್ತರದಲ್ಲೇ ಇರುತ್ತೆ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 5.4 ಮೀಟರ್. ಬರಿತಲೆ ಕಲ್ಲಿಗೆ ಹೊಡೆದರೆ ಎಷ್ಟು ದೂರದಲ್ಲಿ ನಿಲ್ಲಬೇಕು? ಎರಡು ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಥರ್ಮಾಕೋಲ್ ಇದ್ದರೆ ಅದು ನಲುಗಿ ನಲುಗಿ ಎರಡು ಸೆಂಟಿಮೀಟರ್ ಕೊಡುತ್ತೆ. ಹತ್ತರಷ್ಟು ದೂರ, ಹತ್ತನೇ ಒಂದು ಪಾಲು ಪೆಟ್ಟು. ಇಷ್ಟೇ ಇದರ ವಿದ್ಯೆ. ಅದು ಚಪ್ಪಟೆಯಾಗೋದೇ ಅದರ ಕೆಲಸ. ಹಾಗಾಗಿ ಒಂದು ಹೆಲ್ಮೆಟ್, ಒಂದು ಪೆಟ್ಟು. ಒಮ್ಮೆ ಬಿದ್ದ ಮೇಲೆ ಹೊರಗೆ ಚೆನ್ನಾಗಿ ಕಂಡರೂ ಎಸೀಬೇಕು. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಮಾತ್ರ ದಯವಿಟ್ಟು ತಗೋಬೇಡಿ, ಯಾರ ಪೆಟ್ಟನ್ನ ಈಗಾಗಲೇ ತಿಂದಿದೆಯೋ ಗೊತ್ತಿಲ್ಲ. ಹಾಕೋ ರೀತಿಯೂ ಮುಖ್ಯ. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಇರಬೇಕು, ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ಗಣಪತಿ ಕಿರೀಟದ ಥರ ತಲೆಯ ಹಿಂಭಾಗಕ್ಕೆ ಜಾರಿಸಿಕೊಂಡರೆ ಹಣೆ ಕಾಯೋರು ಯಾರು?

ಇದರ ಮಿತಿಯನ್ನೂ ಹೇಳಿಬಿಡ್ತೀನಿ. ಲಾರಿ ಬಂದು ಗುದ್ದಿದರೆ ಎರಡು ಸೆಂಟಿಮೀಟರ್ ಥರ್ಮಾಕೋಲ್ ಏನೂ ಮಾಡಲ್ಲ. ನೆದರ್ಲೆಂಡ್ಸ್‌ನಲ್ಲಿ ಅಜ್ಜಿಯರೂ ಬರಿತಲೆಯಲ್ಲಿ ಸೈಕಲ್ ಹೊಡೀತಾರೆ. ಅಲ್ಲಿ ಸೈಕಲ್ಲಿಗೆ ಬೇರೆ ದಾರಿ ಇದೆ. ನಮ್ಮಲ್ಲಿ 2020ರಲ್ಲಿ ಔಟರ್ ರಿಂಗ್ ರೋಡ್ ಪಕ್ಕ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ರು. ಅದರಲ್ಲಿ ಸ್ಕೂಟರ್‌ಗಳು ಓಡಾಡಿದ್ದನ್ನ ನಾವೇ ಸುದ್ದಿ ಮಾಡಿದ್ವಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಸೈಕಲ್ ಸವಾರರೇ 4,000ಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನ ನಮ್ಮ ಥರ ಲೈಕ್ರಾ ಚಡ್ಡಿಯವರು ಅಂತೀರಿ? ಹಾಲಿನವರು, ಪೇಪರ್ ಹುಡುಗರು, ಕಟ್ಟಡದ ಕೆಲಸದವರು, ಸ್ಕೂಲ್ ಮಕ್ಕಳು. ನಮ್ಮ ಚಾನೆಲ್‌ನಲ್ಲಿ ಅವರಿಗೆ ಸಿಗೋದು ಪರದೆಯ ಕೆಳಗೆ ಓಡೋ ಒಂದು ಸಾಲು. 'ಲಾರಿ ಡಿಕ್ಕಿ, ಸೈಕಲ್ ಸವಾರ ಸಾವು.' ಹೆಸರೂ ಇರಲ್ಲ. ಆ ಸಾಲನ್ನ ಎಷ್ಟು ಸಲ ಓದಿದ್ದೀನೋ ನಾನು.

ಇಂಥ ಒಬ್ಬರೇ ನನ್ನನ್ನ ಎತ್ತಿದ್ದು. ಹ್ಯಾಂಡಲ್ಲಿಗೆ ಎರಡು ಹಾಲಿನ ಕ್ಯಾನ್ ತಗುಲಿಸಿಕೊಂಡು ಡೇರಿಗೆ ಹೊರಟವರು. ಬೆಟ್ಟದ ಬುಡದಿಂದ ಸ್ವಲ್ಪ ಮೇಲೆ ನಾನು ಬಿದ್ದ ಶಬ್ದ ಕೇಳಿ, ಸೈಕಲ್ ನಿಲ್ಲಿಸಿ ಓಡಿ ಬಂದ್ರು. ಕೂರಿಸಿದ್ರು, ಮುಖಕ್ಕೆ ನೀರು ಹಾಕಿದ್ರು. ಹೆಲ್ಮೆಟ್ ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿ, 'ಬುರುಡೆ ಇಬ್ಭಾಗ ಆಗ್ತಿತ್ತು ಸಾರ್, ಈ ಟೋಪಿ ಕಾಪಾಡ್ತು' ಅಂದ್ರು. 'ಎಷ್ಟು ಸಾರ್ ಇದು?'

'ಎರಡು ಸಾವಿರ.'

'ಸೈಕಲ್ಲು?'

ನೋಡಿ, ನಾನು ದಿನಾ ರಾತ್ರಿ ಒಂಬತ್ತಕ್ಕೆ ಇಲ್ಲಿ ಕೂತು ಮಂತ್ರಿಗಳನ್ನ 'ಸತ್ಯ ಹೇಳಿ ಸಾರ್, ಸತ್ಯ ಹೇಳಿ' ಅಂತ ಜೋರು ಮಾಡೋನು. ಅಲ್ಲಿ ಕೂತು ಹೇಳಿದೆ, 'ಹದಿನೈದು ಸಾವಿರ.' ನಿಜವಾದ ಬೆಲೆ ಎರಡೂವರೆ ಲಕ್ಷ, ಚಕ್ರ ಸೇರಿ. ಬಾಯಿಗೆ ಬರಲಿಲ್ಲ.

ಅವರು ಹದಿನೈದಕ್ಕೇ ಹುಬ್ಬೇರಿಸಿದ್ರು. ಆಮೇಲೆ ಕೇಳಿದ್ರು, 'ಚಿಕ್ಕ ಹುಡುಗರ ಸೈಜಲ್ಲಿ ಈ ಟೋಪಿ ಸಿಗ್ತದಾ ಸಾರ್? ನನ್ನ ಮಗ ಎಂಟನೇ ಕ್ಲಾಸು. ಹೈವೇ ಪಕ್ಕದಲ್ಲೇ ಸೈಕಲ್ ಹೊಡ್ಕೊಂಡು ಸ್ಕೂಲಿಗೆ ಹೋಗ್ತಾನೆ. ಟ್ಯೂಷನ್ ಮುಗಿಸಿ ಬರೋವಾಗ ಕತ್ತಲಾಗಿರ್ತದೆ.'

ಅವರಿಗೇನೂ ಬೇಕಾಗಿರಲಿಲ್ಲ, ಮಗನಿಗೆ. ಸಿಗುತ್ತೆ, ನಾನೇ ತಂದುಕೊಡ್ತೀನಿ ಅಂದೆ.

ಮುಂದಿನ ಶನಿವಾರ ಕಾರಲ್ಲಿ ಹೋದೆ. ಮಣಿಕಟ್ಟು ಊದಿತ್ತು. ಎರಡು ಹೆಲ್ಮೆಟ್, ಒಂದು ಹಿಂಬದಿಯ ಕೆಂಪು ಬ್ಲಿಂಕರ್ ಲೈಟು, ಒಂದು ಜೊತೆ ಬ್ರೇಕ್ ರಬ್ಬರ್. ಲೈಟು 350 ರೂಪಾಯಿ, ಬ್ರೇಕ್ ರಬ್ಬರ್ ಇನ್ನೂ ಕಡಿಮೆ. ನನ್ನ ಗೆಳೆಯರಿಗೆ ಈಗ ನಾನು ಹೇಳೋದು ಇದನ್ನೇ. ಮೊದಲು ಹೆಲ್ಮೆಟ್, ಲೈಟು, ಬ್ರೇಕು, ಟೈರು. ಟೈರು ಕೂಡ 25ರ ಬದಲು 28 ಮಿಲಿಮೀಟರಿನದು ಹಾಕಿ, ಗಾಳಿ ಸ್ವಲ್ಪ ಇಳಿಸಿ. ಕಲ್ಲಿನ ಥರ ಗಾಳಿ ತುಂಬಿದರೆ ಜೋರಾಗಿ ಓಡುತ್ತೆ ಅನ್ನೋದು ನಮ್ಮ ರಸ್ತೆಗೆ ಹೇಳಿದ ಮಾತಲ್ಲ. ಉಳಿದ ದುಡ್ಡಲ್ಲಿ ಕಾರ್ಬನ್ನೋ ಕಬ್ಬಿಣವೋ ಏನಾದ್ರೂ ತಗೊಳ್ಳಿ. ಒಬ್ಬ ಗೆಳೆಯ ಮುನಿಸಿಕೊಂಡಿದ್ದಾನೆ, ನೀನು ಬಿದ್ದೆ ಅಂತ ನಮಗೆ ಪಾಠ ಮಾಡ್ತೀಯಾ ಅಂತ. ಹೌದು ಮಾರಾಯ, ಮತ್ತೆ ಇನ್ಯಾವಾಗ ಮಾಡ್ಲಿ?

ಹುಡುಗ ಮನೆಯಲ್ಲೇ ಇದ್ದ. ಅವನ ಸೈಕಲ್ಲು ಅಕ್ಕನದ್ದು, ಅವಳು ಎಂಟನೇ ಕ್ಲಾಸಲ್ಲಿದ್ದಾಗ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ಲಕ್ಷಾಂತರ ಮಕ್ಕಳು ಸ್ಕೂಲಿಗೆ ಹೋದ್ರು, ಒಳ್ಳೇ ಕೆಲಸ. ಆದ್ರೆ ಈ ಸೈಕಲ್ಲಿನ ಹಿಂದಿನ ರಿಫ್ಲೆಕ್ಟರ್ ಬಿದ್ದುಹೋಗಿ ಎಷ್ಟು ಕಾಲವಾಯ್ತೋ. ಹಿಂದಿನ ಬ್ರೇಕ್ ಇರಲೇ ಇಲ್ಲ, ಚಪ್ಪಲಿ ನೆಲಕ್ಕೆ ಒತ್ತಿ ನಿಲ್ಲಿಸ್ತಾನಂತೆ. ಕೂತು ಬ್ರೇಕ್ ಹಾಕಿಕೊಟ್ಟೆ. ಎಂಜಿನಿಯರಿಂಗ್ ಡಿಗ್ರಿ ಇಷ್ಟು ವರ್ಷದಲ್ಲಿ ಉಪಯೋಗಕ್ಕೆ ಬಂದದ್ದು ಅವತ್ತೇ ಇರಬೇಕು. ಬ್ಲಿಂಕರ್ ಹಚ್ಚಿ ಹಚ್ಚಿ ಆರಿಸಿ ನೋಡಿದ, ಬಹಳ ಖುಷಿ. ಅವರಪ್ಪ ತಮ್ಮ ಹೆಲ್ಮೆಟ್ ಹಾಕಿಕೊಂಡು ಕನ್ನಡಿ ನೋಡಿ ನಕ್ಕರು.

ಹುಡುಗ ಮಾತ್ರ ತನ್ನದನ್ನ ಹ್ಯಾಂಡಲ್ಲಿಗೆ ನೇತುಹಾಕಿದ.

'ಯಾಕೋ, ಬಿಗಿ ಆಯ್ತಾ?'

'ಇಲ್ಲ ಅಂಕಲ್. ಸ್ಕೂಲಲ್ಲಿ ನಗ್ತಾರೆ. ಯಾರೂ ಹಾಕಲ್ಲ.'

ಅಂಕಲ್ ಅಂದದ್ದನ್ನ ನುಂಗಿಕೊಂಡೆ. ಅವನಿಗೆ ಏನು ಹೇಳೋದು? ಬೈಕ್ ಸವಾರರಿಗೆ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಇದೆ, ಸೈಕಲ್ಲಿಗೆ ಅದು ಅನ್ವಯಿಸಲ್ಲ. ಪೊಲೀಸ್ ಹಿಡೀತಾರೆ ಅಂತ ಹೆದರಿಸೋ ಹಾಗಿಲ್ಲ. ನನ್ನ ಒಡೆದ ಹೆಲ್ಮೆಟ್ ತೋರಿಸಿದೆ, ಎರಡು ಸೆಂಟಿಮೀಟರ್ ಲೆಕ್ಕ ಹೇಳಿದೆ. ತಲೆಯಾಡಿಸಿದ, ಹಾಕಿಕೊಳ್ಳಲಿಲ್ಲ. ಕೊನೆಗೆ ಕಾರ್ ಹತ್ತುವಾಗ ಬಂದು ಕೇಳಿದ, 'ಅಂಕಲ್, ನೀವು ಟಿವೀಲಿ ಬರ್ತೀರಲ್ಲ, ಅಲ್ಲಿ ಹಾಕ್ಕೊಂಡು ಕೂತ್ಕೋತೀರಾ? ಆಗ ನಾನೂ ಸ್ಕೂಲಿಗೆ ಹಾಕ್ಕೊಂಡು ಹೋಗ್ತೀನಿ.'

ಮೇಕಪ್‌ನವರು ಬೇಡ ಅಂದ್ರು, ಕೂದಲು ಹಾಳಾಗುತ್ತೆ ಅಂತ. ನಮ್ಮ ಪ್ರೊಡ್ಯೂಸರ್ ಇನ್ನೂ ಕಿವಿಯಲ್ಲಿ ಏನೋ ಹೇಳ್ತಿದ್ದಾರೆ. ಇದು ಹೊಸದು, ನಿನ್ನೆ ತಗೊಂಡದ್ದು. ಇಗೋ, ಹುಬ್ಬಿನ ಮೇಲೆ ಎರಡು ಬೆರಳು. ಪಟ್ಟಿ ಬಿಗಿದೆ. ಕಾಣಿಸ್ತಿದೆಯೇನಪ್ಪಾ? ಸೋಮವಾರ ನಿಮ್ಮಪ್ಪನಿಗೆ ಫೋನ್ ಮಾಡಿ ಕೇಳ್ತೀನಿ.

ಈಗ ಸುದ್ದಿಗೆ ಹೋಗೋಣ.