ತರಂಗಂಬಾಡಿಯ ಮೊದಲ ಸಭೆ



ತಮಿಳುನಾಡಿನ ಕಡಲತೀರದ ತರಂಗಂಬಾಡಿ ಒಂದು ಕಾಲಕ್ಕೆ ಡೇನಿಷರ ವಸಾಹತು. 1706ರ ಜುಲೈ 9ರಂದು ಝೀಗನ್‌ಬಾಲ್ಗ್ ಮತ್ತು ಪ್ಲುಟ್ಶಾವ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಅಲ್ಲಿ ಬಂದಿಳಿದರು. ಅವರನ್ನು ಕಳಿಸಿದವನು ಡೆನ್ಮಾರ್ಕಿನ ದೊರೆ. ಆದರೆ ಊರಿನ ಡೇನಿಷ್ ಅಧಿಕಾರಿಗಳಿಗೇ ಅವರು ಬಂದದ್ದು ಹಿಡಿಸಲಿಲ್ಲ.

ಝೀಗನ್‌ಬಾಲ್ಗ್ ಶಾಲೆಯ ಮಕ್ಕಳ ಜೊತೆ ಕುಳಿತು ಮರಳಿನಲ್ಲಿ ತಮಿಳು ಅಕ್ಷರ ತಿದ್ದಿದರು. 1707ರ ಮೇ ತಿಂಗಳಲ್ಲಿ ಐವರು ದೀಕ್ಷಾಸ್ನಾನ ಪಡೆದರು. ಐವರೂ ಡೇನಿಷರ ಮನೆಗಳ ಗುಲಾಮರು. ಅದೇ ಆಗಸ್ಟಿನಲ್ಲಿ ಸಭೆಗೆ ಪುಟ್ಟದೊಂದು ದೇವಾಲಯವೂ ಆಯಿತು. ಹೆಸರು ‘ಹೊಸ ಜೆರುಸಲೇಮ್’. ಮರುವರ್ಷ ಒಬ್ಬ ವಿಧವೆಯ ಸಾಲದ ವ್ಯಾಜ್ಯದಲ್ಲಿ ಆಕೆಯ ಪರ ನಿಂತ ಝೀಗನ್‌ಬಾಲ್ಗ್ ನಾಲ್ಕು ತಿಂಗಳು ಸೆರೆಯಲ್ಲಿದ್ದರು.

ವಿಜ್ಞಾನ ಓದಿದ ನನಗೆ ಇಷ್ಟವಾದದ್ದು ಅವರ ಮುದ್ರಣಾಲಯದ ಕಥೆ. ಜರ್ಮನಿಯಿಂದ ಬಂದ ತಮಿಳು ಅಚ್ಚುಮೊಳೆಗಳು ತೀರಾ ದೊಡ್ಡವು. ಅವುಗಳಿಂದ ಅಚ್ಚು ಹಾಕಿದರೆ ಇದ್ದ ಕಾಗದ ಸಾಲದು. ಆಗ ಇಂಗ್ಲೆಂಡಿನಿಂದ ಬಂದ ಚೀಸ್ ಡಬ್ಬಿಗಳ ಸೀಸವನ್ನೇ ಕರಗಿಸಿ ಸಣ್ಣ ಮೊಳೆ ಎರಕ ಹೊಯ್ದರಂತೆ! 1715ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಪೂರ್ತಿ ಅಚ್ಚಾಯಿತು.

1718ರಲ್ಲಿ ದೊಡ್ಡ ದೇವಾಲಯ ಪ್ರತಿಷ್ಠೆಯಾಯಿತು. ಮರುವರ್ಷ, ಇನ್ನೂ 36ರ ವಯಸ್ಸಿನಲ್ಲಿ, ಝೀಗನ್‌ಬಾಲ್ಗ್ ತೀರಿಕೊಂಡರು. ಅವರ ಸಮಾಧಿ ಅದರೊಳಗೇ ಇದೆ.

ಎಲ್ಲವೂ ಸರಿಹೋಗಿರಲಿಲ್ಲ. ಜಾತಿಯ ಅಂತರ ದೇವಾಲಯದೊಳಗೂ ಬಂದು ಕೂತಿತ್ತು. ತಮಿಳರೊಬ್ಬರು, ಆರೋನ್, ಪಾದ್ರಿಯಾಗಿ ಅಭಿಷಿಕ್ತರಾಗಲು 1733ರವರೆಗೆ ಕಾಯಬೇಕಾಯಿತು. ಐವರು ಗುಲಾಮರಿಂದ ಆರಂಭವಾದ ಸಭೆ ನಿಜಕ್ಕೂ ಊರಿನವರ ಸಭೆಯಾಗತೊಡಗಿದ್ದು ಆ ದಿನದಿಂದ ಎಂದು ನನಗನ್ನಿಸುತ್ತದೆ.