ಕಟಕಟೆಗೆ ಬಾರದ ಊರುಗಳು: 1948ರ ನಂತರದ ನ್ಯಾಯ ಮತ್ತು ರಾಯಚೂರು ಸೀಮೆ



ಈ ಉಪನ್ಯಾಸದ ದತ್ತಿ ಯಾರ ಹೆಸರಿನಲ್ಲಿದೆಯೋ ಅವರನ್ನು ಊರೆಲ್ಲ ವಕೀಲ ಸಾಹೇಬರು ಎಂದೇ ಕರೆಯುತ್ತಿತ್ತು. ಉರ್ದುವಿನಲ್ಲಿ ಕಾನೂನು ಓದಿ, ಕನ್ನಡದಲ್ಲಿ ಕಕ್ಷಿಗಾರರ ಕಷ್ಟ ಕೇಳಿದ ಪೀಳಿಗೆ ಅವರದು. ಅವರ ಹೆಸರಿನ ವೇದಿಕೆಗೆ ನನ್ನನ್ನು ಕರೆದಿರಿ, ಋಣಿಯಾಗಿದ್ದೇನೆ.

ಹೈದರಾಬಾದ್ ವಿಮೋಚನೆಯ ಕಥೆಯನ್ನು ನಿಮ್ಮ ಮುಂದೆ ಹೇಳುವುದು ಹೆಚ್ಚಾದೀತು. 1948ರ ಸೆಪ್ಟೆಂಬರ್ 13ಕ್ಕೆ ‘ಪೊಲೀಸ್ ಆಕ್ಷನ್’ ಹೆಸರಿನಲ್ಲಿ ಭಾರತದ ಸೈನ್ಯ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಮುಂಡರಗಿ, ಗಜೇಂದ್ರಗಡದ ಹೋರಾಟಗಾರರ ಶಿಬಿರಗಳು, ಅಳವಂಡಿ ಶಿವಮೂರ್ತಿಸ್ವಾಮಿಯವರ ಸಾಹಸ, ಇವೆಲ್ಲ ಪುಸ್ತಕಗಳಲ್ಲಿವೆ. ನನ್ನ ಆಸಕ್ತಿ 17ರ ಆಚೆಗೆ. ನಿಜಾಮರ ಪರ ನಿಂತು ಹಾವಳಿ ಮಾಡಿದ ರಜಾಕಾರರಿಗೆ ಏನಾಯಿತು? ಹಾವಳಿ ನಿಂತ ಮೇಲೆ ನಡೆದದ್ದಕ್ಕೆ ಯಾರು ಉತ್ತರ ಕೊಟ್ಟರು?

ಇಂಥದೇ ಪ್ರಶ್ನೆ ಆ ಹೊತ್ತಿನಲ್ಲಿ ಬೇರೆಡೆಯೂ ಇತ್ತು: ಟೋಕಿಯೊದಲ್ಲಿ ಜಪಾನಿನ ನಾಯಕರ ಯುದ್ಧಾಪರಾಧದ ತೀರ್ಪು ಓದಿದ್ದು 1948ರ ನವೆಂಬರಿನಲ್ಲಿ. ಅಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಬರೆದವರು ನಮ್ಮವರೇ ಆದ ರಾಧಾಬಿನೋದ್ ಪಾಲ್. ಅದೇ ತಿಂಗಳ 29ರಂದು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ, ಸೆಪ್ಟೆಂಬರ್ 17ರ ನಂತರ ನಡೆದದ್ದನ್ನು ಕೇಳಲು, ಸರ್ಕಾರದ ಪರವಾಗಿ ಹೈದರಾಬಾದ್ ಸಂಸ್ಥಾನದ ಸುತ್ತಾಟಕ್ಕೆ ಹೊರಟರು. ಪಾಲರ ಭಿನ್ನಮತದ ಮೇಲೆ ಇಂದಿಗೂ ಪುಸ್ತಕಗಳು ಬರುತ್ತಿವೆ. ಸುಂದರಲಾಲರ ವರದಿ ಮಾತ್ರ ದಶಕಗಟ್ಟಲೆ ಕಪಾಟಿನೊಳಗೇ ಉಳಿಯಿತು.

ಹೈದರಾಬಾದ್ ಸಂಸ್ಥಾನದಲ್ಲಿ ವಿಚಾರಣೆಗಳು ನಡೆಯಲೇ ಇಲ್ಲ ಎನ್ನುವವರಿದ್ದಾರೆ. ತಪ್ಪು. 1358 ಫಸಲಿಯ ನಿಬಂಧನೆಯಡಿ ವಿಶೇಷ ನ್ಯಾಯಮಂಡಳಿಗಳು ಕೂತವು. (ಫಸಲಿ ಎಂಬ ನಿಜಾಮರ ಕಾಲದ ವರ್ಷಗಣನೆಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ವಕೀಲ ಸಾಹೇಬರು ಕಿರಿಯರಿಗೆ ಮೊದಲ ದಿನವೇ ಕಲಿಸುತ್ತಿದ್ದರಂತೆ.) ರಜಾಕಾರರ ನಾಯಕ ಖಾಸಿಂ ರಜ್ವಿಗೆ ಬೀಬಿನಗರದ ದರೋಡೆ ಪ್ರಕರಣದಲ್ಲಿ ಏಳು ವರ್ಷ ಶಿಕ್ಷೆಯಾಯಿತು. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರ ಕೊಲೆಯ ಆರೋಪ ಅವನ ಮೇಲೆ ನಿಲ್ಲಲಿಲ್ಲ. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ನಿಜಾಮರ ಪ್ರಧಾನಿಯಾಗಿದ್ದ ಲಾಯಕ್ ಅಲಿ ಅದಕ್ಕೂ ಮೊದಲೇ, 1950ರಲ್ಲಿ, ಗೃಹಬಂಧನದಿಂದ ಪರಾರಿ. ಸಾವಿರಾರು ರಜಾಕಾರರನ್ನು ಹಿಡಿದಿಟ್ಟಿದ್ದರು. ಅವರಲ್ಲಿ ಹೆಚ್ಚಿನವರು ವಿಚಾರಣೆಯಿಲ್ಲದೆ ಹೊರಬಂದರು.

ಈ ವಿಚಾರಣೆಗಳ ಬಗ್ಗೆ ಎರಡು ಪಂಥಗಳಿವೆ, ಎರಡರ ಜೊತೆಗೂ ನನಗೆ ಜಗಳವಿದೆ. ಒಂದು ಪಂಥ ಇದನ್ನು ಗೆದ್ದವರ ನ್ಯಾಯ ಎನ್ನುತ್ತದೆ. ಹಾಗೆನ್ನುವವರು ತೀರ್ಪುಗಳನ್ನು ಓದಿಲ್ಲ. ರಜ್ವಿಯ ಮೇಲ್ಮನವಿ 1953ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು, ನಿಜ. ಆದರೆ ಸಂವಿಧಾನದ ಸಮಾನತೆಯ ವಿಧಿಯಾದ 14ನೆಯದನ್ನು ಹಿಡಿದು ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು, ವಿವಿಯನ್ ಬೋಸ್ ಮತ್ತು ಗುಲಾಂ ಹಸನ್, ಆ ವಿಚಾರಣಾ ಕ್ರಮವನ್ನೇ ಒಪ್ಪಲಿಲ್ಲ. ದೇಶದ ಕಣ್ಣಿಗೆ ಖಳನಾಯಕನಾದವನ ಪ್ರಕರಣದಲ್ಲಿ ಇಷ್ಟು ಭಿನ್ನಮತ! ವಾರಂಗಲ್ಲಿನ ಸುಬೇದಾರ, ಎಂದರೆ ಆ ಪ್ರಾಂತ್ಯದ ಅಧಿಕಾರಿ, ಹಬೀಬ್ ಮಹಮ್ಮದನದು ಇನ್ನೂ ದೊಡ್ಡ ಉದಾಹರಣೆ. ಗುರ್ತೂರು ಹಳ್ಳಿಯ ದಹನ ಮತ್ತು ಕೊಲೆಗಳಿಗಾಗಿ ಅವನಿಗೆ ಮರಣದಂಡನೆಯಾಗಿತ್ತು. ಘಟನೆಯ ಸ್ಥಳದಲ್ಲೇ ಇದ್ದ ಬಿಯಾಬಾನಿ ಎಂಬ ಪೊಲೀಸ್ ಅಧಿಕಾರಿಯನ್ನು ಸರ್ಕಾರದ ಪಕ್ಷ ಸಾಕ್ಷಿಯಾಗಿ ಕರೆಯಲೇ ಇಲ್ಲ ಎಂಬುದನ್ನು ಮುಖ್ಯವಾಗಿ ಹಿಡಿದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಮುಖ್ಯ ಸಾಕ್ಷಿಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಿರಿಯ ವಕೀಲರು ಇವತ್ತಿಗೂ ಆ ತೀರ್ಪನ್ನು ಎತ್ತುತ್ತಾರೆ.

ಎರಡನೆಯ ಪಂಥಕ್ಕೆ ಏಳು ವರ್ಷ ಬಹಳ ಕಡಿಮೆಯಾಯಿತೆಂಬ ಕೊರಗು. ನೇಣು ಹಾಕಿದ್ದರೆ ಈ ಭಾಗದ ಜನಕ್ಕೆ ಸಮಾಧಾನವಾಗುತ್ತಿತ್ತಂತೆ. ಯಾವ ಜನಕ್ಕೆ? ಬೀಬಿನಗರ ತೆಲಂಗಾಣದಲ್ಲಿದೆ, ಗುರ್ತೂರೂ ಅಲ್ಲಿಯದೇ, ಶೋಯೆಬುಲ್ಲಾ ಖಾನರು ಸತ್ತದ್ದು ಹೈದರಾಬಾದ್ ಪಟ್ಟಣದಲ್ಲಿ. ಹೆಸರಾದ ಈ ಮೂರು ಪ್ರಕರಣಗಳಲ್ಲಿ ತುಂಗಭದ್ರೆ-ಕೃಷ್ಣೆಗಳ ನಡುವಿನ ನಮ್ಮ ಸೀಮೆಯ ಒಂದು ಹಳ್ಳಿಯೂ ಇಲ್ಲ. ಇನ್ನು ಅದೇ ನ್ಯಾಯಮಂಡಳಿಗಳು ತೆಲಂಗಾಣದ ಕಮ್ಯುನಿಸ್ಟರಿಗೂ ಮರಣದಂಡನೆ ವಿಧಿಸಿದವು. ನಿಜಾಮನ ವಿರುದ್ಧ ಹೋರಾಡಿದವರು, ನಿಜಾಮನ ಪರ ಲೂಟಿ ಮಾಡಿದವರು, ಇಬ್ಬರೂ ಒಂದೇ ನಿಬಂಧನೆಯ ಅಡಿಯಲ್ಲಿ! ಕಠಿಣ ಶಿಕ್ಷೆಯನ್ನು ಹೊಗಳುವ ಮಿತ್ರರು ಈ ಪುಟವನ್ನು ಮಾತ್ರ ಮಗುಚುವುದಿಲ್ಲ.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹಿರಿಯರ ಜೊತೆ ಕೂತು ಕೇಳಿದಾಗ ನನಗೆ ಕಂಡದ್ದೇ ಬೇರೆ. ನ್ಯಾಯಮಂಡಳಿಯ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ. ಬಂದದ್ದು ಹಗೇವಿನಿಂದ ಹೋದ ಜೋಳ, ನದಿ ದಾಟಿ ಓಡಿದ ರಾತ್ರಿ, ಮರಳಿ ಬಂದಾಗ ಬೇರೆಯವರ ಕೈಲಿದ್ದ ಹೊಲ. ಲೂಟಿಗೆ ಬಂದವರ ಹೆಸರು ಗೊತ್ತೇ ಎಂದು ಒಬ್ಬ ಅಜ್ಜಿಯನ್ನು ಕೇಳಿದೆ. ಗೊತ್ತು ಎಂದಳು, ಹೇಳಲಿಲ್ಲ. ಲೂಟಿಗೆ ಬಂದವರ ಮೊಮ್ಮಗ ಈಗ ನಮ್ಮ ಹೊಲವನ್ನೇ ಪಾಲಿಗೆ ಮಾಡುತ್ತಾನೆ, ಹೆಸರು ಬರೆದುಕೊಂಡು ನೀವು ಬಸ್ಸು ಹತ್ತುತ್ತೀರಿ ಎಂದು ನಕ್ಕಳು. ಮುಸ್ಲಿಂ ಮನೆಗಳಲ್ಲೂ ಇದೇ ಮೌನ. ಅಲ್ಲಿ ತಾರೀಖು ಮಾತ್ರ ಬೇರೆ: ಪೊಲೀಸ್ ಆಕ್ಷನ್ ಆದ ಮೇಲಿನ ವಾರಗಳು.

ಆ ವಾರಗಳ ಬಗ್ಗೆ ಹಳ್ಳಿಗಳಿಗೇ ಹೋಗಿ ಕೇಳಿದ ಸರ್ಕಾರಿ ತಂಡವೆಂದರೆ ಸುಂದರಲಾಲರದು. ಡಿಸೆಂಬರ್ 21ರವರೆಗೆ ತಿರುಗಿ, ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ನೋಡಿ, ತಾವು ಹೋಗಲಾಗದ 109 ಹಳ್ಳಿಗಳ ಜನರನ್ನೂ ಕರೆಸಿ ಕೇಳಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಕೊಟ್ಟರು. ಅತಿ ಹೆಚ್ಚು ಏಟು ತಿಂದ ನಾಲ್ಕು ಜಿಲ್ಲೆಗಳೆಂದು ಅವರು ಎಣಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ರಾಯಚೂರು ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಏನೂ ಆಗಲಿಲ್ಲ ಎನ್ನುವುದಕ್ಕೆ ಇದನ್ನೇ ಆಧಾರ ಮಾಡಿಕೊಂಡವರಿದ್ದಾರೆ. ಪಟ್ಟಿ ಹೇಳುವುದು ಎಲ್ಲಿ ಅತಿ ಹೆಚ್ಚು ಎಂದು. ಎಲ್ಲಿ ಏನೂ ಇಲ್ಲ ಎಂದು ಹೇಳುವುದಿಲ್ಲ. ವರದಿಯಲ್ಲಿ ನನ್ನನ್ನು ಬಹಳ ಹಿಡಿದ ಮಾತು ನೇಕಾರರದು. ಹಿಂದೂ ನೇಕಾರರು ಜೀವ ತೆತ್ತೂ ಮುಸ್ಲಿಂ ನೇಕಾರರನ್ನು ಕಾಪಾಡಿದರೆಂದು ಅದು ದಾಖಲಿಸುತ್ತದೆ. ಒಂದೇ ಕಸುಬಿನ ಜನರಲ್ಲಿ ಈ ಒಡನಾಟ ಹೆಚ್ಚಿತ್ತಂತೆ. ಹಿಂದೂ-ಮುಸ್ಲಿಂ ಸೌಹಾರ್ದವನ್ನು ಬಯಸಿದ ಪಂಡಿತ್ ತಾರಾನಾಥರ ಹಮ್‌ದರ್ದ್ ಶಾಲೆಯ ಊರಾದ ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಈಗಲಾದರೂ ವಿಚಾರಣೆ ಬೇಕೇ? ಮಾನವ ಹಕ್ಕುಗಳ ಪರವಾಗಿ ಮಾತಾಡುವ ನನ್ನ ಗೆಳೆಯರೊಬ್ಬರು ಬೇಕು ಎನ್ನುತ್ತಾರೆ. ಅವರ ಕಳಕಳಿಯ ಮೇಲೆ ಗೌರವವಿದೆ, ಲೆಕ್ಕದ ಮೇಲಿಲ್ಲ. ಆರೋಪಿಗಳು ಸತ್ತಿದ್ದಾರೆ. ಬದುಕಿದ್ದಾಗಲೂ ಅದೇ ಓಣಿಯಲ್ಲಿ ನೀರು ತರಬೇಕಾದವರು ಸಾಕ್ಷಿ ಹೇಳುತ್ತಿರಲಿಲ್ಲ. ಹಬೀಬ್ ಮಹಮ್ಮದನ ಪ್ರಕರಣದಲ್ಲಿ ಸರ್ಕಾರ ತನ್ನದೇ ಅಧಿಕಾರಿಯನ್ನು ಕರೆಯದೆ ಸೋತಿತು; ಹಳ್ಳಿಯವರನ್ನು ಯಾವ ಧೈರ್ಯ ಕೊಟ್ಟು ಕರೆಸುತ್ತಿತ್ತು? ಸೆಪ್ಟೆಂಬರ್ 17ರ ನಂತರದ ಕೊಲೆಗಳಿಗೆ ರಜ್ವಿಯ ಪ್ರಕರಣದಷ್ಟು ಹೆಸರಾದ ಒಂದು ವಿಚಾರಣೆಯೂ ನಡೆಯಲಿಲ್ಲ. ವಿಚಾರಣೆಯ ಕಾಲ ಮೀರಿದೆ. ಕೇಳಿ ಬರೆದುಕೊಳ್ಳುವ ಕಾಲ ಮಾತ್ರ ಪೂರ್ತಿ ಮೀರಿಲ್ಲ.

ಅದಕ್ಕೊಂದು ತೊಡಕಿದೆ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ನಿಜಾಮ್ ಸರ್ಕಾರದ ಕಡತಗಳು ಹೈದರಾಬಾದಿನಲ್ಲೇ ಉಳಿದವು. ಅಲ್ಲಿನ ತಾರ್ನಾಕಾದಲ್ಲಿರುವ ಸರ್ಕಾರಿ ಪತ್ರಾಗಾರಕ್ಕೆ ಹೋದ ಮಾನ್ವಿಯ ವಿದ್ಯಾರ್ಥಿ ಅಲ್ಲಿನ ಉರ್ದು ಕಡತ ಓದಲಾರ. ಇಲ್ಲಿ ಉರ್ದು ಓದಬಲ್ಲ ಹಿರಿಯರಿಗೆ ಅಲ್ಲಿಗೆ ಹೋಗುವ ತ್ರಾಣವಿಲ್ಲ. ವಕೀಲ ಸಾಹೇಬರ ಕುಟುಂಬದವರು ಅನುಮತಿ ಕೊಟ್ಟರೆ, ಮುಂದಿನ ವರ್ಷ ಈ ದತ್ತಿಯ ಹಣ ಇನ್ನೊಂದು ಉಪನ್ಯಾಸಕ್ಕೆ ಹೋಗುವುದು ಬೇಡ. ಉರ್ದು ಬಲ್ಲ ಒಬ್ಬರನ್ನೂ ಕನ್ನಡ ಬಲ್ಲ ಒಬ್ಬರನ್ನೂ ಜೊತೆ ಮಾಡಿ ಮೂರು ತಿಂಗಳು ತಾರ್ನಾಕಾಕ್ಕೆ ಕಳಿಸೋಣ. ರಾಯಚೂರು ಜಿಲ್ಲೆಯ ಕಡತಗಳಿಂದಲೇ ಶುರು ಮಾಡಲಿ. ಸೆಪ್ಟೆಂಬರ್ 17ರ ಹಿಂದಿನದನ್ನೂ ಮುಂದಿನದನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡು ಬರಲಿ.